ಸಕ್ಕರೆ, ಸ್ವೆಟರ್, ಷೇರು: ಮಾರಿಷಸ್ ಬದುಕಿಕೊಂಡ ಬಗೆ

(ಓದುಗರ ಪ್ರಶ್ನೆ, ತಜ್ಞರ ಉತ್ತರ)

ಪುಟ್ಟ ದ್ವೀಪ ರಾಷ್ಟ್ರಗಳ ಆರ್ಥಿಕತೆ ಕುರಿತು ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಮಾರಿಷಸ್ ಬಗ್ಗೆಯೇ ಇದ್ದವು. ಅದರ ವಿಸ್ತೀರ್ಣ ಸುಮಾರು 2,040 ಚದರ ಕಿ.ಮೀ., ಜನಸಂಖ್ಯೆ 12 ಲಕ್ಷ ಚಿಲ್ಲರೆ. ಹಾಗಾಗಿ ಈ ಸಲದ ಅಂಕಣವನ್ನು ಆ ದ್ವೀಪಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಮಾರಿಷಸ್‌ಗೆ ಭವಿಷ್ಯವೇ ಇಲ್ಲ ಎಂದು ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಜೇಮ್ಸ್ ಮೀಡ್ ಹೇಳಿದ್ದರಂತೆ. ಅಷ್ಟು ದೊಡ್ಡ ವಿದ್ವಾಂಸರು ಹೀಗೆ ಎಡವಿದ್ದು ಹೇಗೆ? — ಪದವಿ ಕಾಲೇಜಿನ ಉಪನ್ಯಾಸಕರು

ಮೀಡ್ ತಂಡದ ವರದಿ ಪ್ರಕಟವಾದದ್ದು 1961ರಲ್ಲಿ. ಅವರಿಗೆ ನೊಬೆಲ್ ಬಂದದ್ದು 1977ರಲ್ಲಿ. ಅವರು ದ್ವೀಪದಲ್ಲಿ ಕಂಡದ್ದೇನು ಎಂಬುದನ್ನು ಮೊದಲು ನೋಡೋಣ. 1940ರ ದಶಕದ ಕೊನೆಯಲ್ಲಿ ಮಲೇರಿಯಾ ಹತೋಟಿಗೆ ಬಂದು ಸಾವು ಕಡಿಮೆಯಾಗಿತ್ತು, ಹುಟ್ಟು ಮಾತ್ರ ಇಳಿದಿರಲಿಲ್ಲ. ಜನಸಂಖ್ಯೆ ವರ್ಷಕ್ಕೆ ಹೆಚ್ಚುಕಡಿಮೆ ಶೇ. 3ರಷ್ಟು ಏರುತ್ತಿತ್ತು. ರಫ್ತಿನಲ್ಲಿ ಶೇ. 90ಕ್ಕೂ ಹೆಚ್ಚು ಪಾಲು ಸಕ್ಕರೆಯೊಂದರದ್ದೇ. 1960ರ ಆರಂಭದಲ್ಲಿ ಆಲಿಕ್ಸ್, ಕ್ಯಾರಲ್ ಎಂಬ ಎರಡು ಚಂಡಮಾರುತಗಳು ಬೆನ್ನುಬೆನ್ನಿಗೆ ಬೀಸಿ, ಆ ವರ್ಷದ ಸಕ್ಕರೆ ಉತ್ಪಾದನೆ ಅರ್ಧಕ್ಕಿಂತ ಕೆಳಗೆ ಕುಸಿದಿತ್ತು. ಇಷ್ಟನ್ನು ಕಣ್ಣೆದುರು ಇಟ್ಟುಕೊಂಡು ಯಾರೂ ಬೇರೆ ಮಾತು ಆಡುತ್ತಿರಲಿಲ್ಲ.

ಎಲ್ಲರೂ ಉಲ್ಲೇಖಿಸುವುದು ವರದಿಯ ಭಯವನ್ನು. ಅದರೊಳಗಿನ ಸಲಹೆಗಳನ್ನು ಓದುವವರು ಕಡಿಮೆ. ಕುಟುಂಬ ಯೋಜನೆ ಬೇಕು, ಕೈಗಾರಿಕೆ ಬೇಕು, ಕೂಲಿ ದಿಢೀರನೆ ಏರದಂತೆ ನೋಡಿಕೊಂಡು ಬಡವರಿಗೆ ಸರ್ಕಾರವೇ ನೆರವಾಗಬೇಕು ಎಂದು ಮೀಡ್ ಹೇಳಿದ್ದರು. ಮಾರಿಷಸ್ ಈ ಮೂರನ್ನೂ ಒಂದಲ್ಲ ಒಂದು ರೂಪದಲ್ಲಿ ಮಾಡಿತು. ಹೇಳಿದ್ದನ್ನು ಕೇಳಿ ರೋಗಿ ಬದುಕಿಕೊಂಡರೆ ವೈದ್ಯ ಎಡವಿದ ಎನ್ನಲಾಗದು.

ಮೊದಲ ಹೆಜ್ಜೆ ಮಾತ್ರ ತಪ್ಪಿತು. 1960ರ ದಶಕದಲ್ಲಿ ದ್ವೀಪ ಆಮದಿಗೆ ಸುಂಕ ಹಾಕಿ, ಸ್ಥಳೀಯ ಬಳಕೆಯ ಸರಕು ಮಾಡುವ ಕಾರ್ಖಾನೆಗಳಿಗೆ ರಕ್ಷಣೆ ಕೊಟ್ಟಿತು. ಎಂಟು ಲಕ್ಷ ಜನರೂ ಇಲ್ಲದ ಪೇಟೆಯಲ್ಲಿ ಇದು ನಡೆಯುವುದಿಲ್ಲ. ಬಣ್ಣ, ಸಾಬೂನು, ಬೆಂಕಿಕಡ್ಡಿ ಯಾವುದೇ ಇರಲಿ, ಯಂತ್ರಕ್ಕೆ ಇಂತಿಷ್ಟು ಎಂಬ ಕನಿಷ್ಠ ಗಾತ್ರ ಇರುತ್ತದೆ. ಇಡೀ ದ್ವೀಪದ ಬೇಡಿಕೆಯನ್ನು ಆ ಯಂತ್ರ ಕೆಲವೇ ತಿಂಗಳಲ್ಲಿ ಪೂರೈಸಿ ಉಳಿದ ಕಾಲ ಸುಮ್ಮನೆ ನಿಲ್ಲುತ್ತದೆ. ನಿಂತ ಯಂತ್ರದ ಬಡ್ಡಿಯನ್ನು ಗಿರಾಕಿಯ ತಲೆಗೆ ಕಟ್ಟಿದರೆ ಬೆಲೆ ಏರುತ್ತದೆ. ಬೆಲೆ ಏರಿದರೆ ಹೊರಗೆ ಮಾರಲಾಗದು. ಪುಟ್ಟ ದ್ವೀಪ ದೊಡ್ಡ ದೇಶದ ಪಾಠಪುಸ್ತಕ ಹಿಡಿದು ಹೊರಟಾಗ ಎಲ್ಲ ಕಡೆಯೂ ಆಗುವುದು ಇದೇ.

ಪ್ರಶ್ನೆ: ನಮ್ಮಲ್ಲಿ ವಿಶೇಷ ಆರ್ಥಿಕ ವಲಯಗಳೆಂದು ಬೇಲಿ ಹಾಕಿದ ಜಾಗಗಳಿವೆ. ಮಾರಿಷಸ್‌ನ ರಫ್ತು ವಲಯವೂ ಹಾಗೆಯೇ ಇತ್ತೇ? ಕುರಿಯೇ ಸಾಕದ ದ್ವೀಪ ಉಣ್ಣೆ ಬಟ್ಟೆ ಮಾರಿದ್ದು ಹೇಗೆ? — ಸಿದ್ಧ ಉಡುಪು ಉದ್ಯಮದಲ್ಲಿರುವವರು

ಬೇಲಿ ಇರಲಿಲ್ಲ. 1970ರ ರಫ್ತು ಸಂಸ್ಕರಣಾ ವಲಯ ಕಾಯಿದೆಯ ಜಾಣತನ ಇರುವುದೇ ಇಲ್ಲಿ. ವಲಯದ ಸ್ಥಾನಮಾನ ಸಿಕ್ಕಿದ್ದು ಭೂಮಿಗಲ್ಲ, ಕಾರ್ಖಾನೆಗೆ. ಪ್ರಮಾಣಪತ್ರ ಪಡೆದ ಘಟಕ ದ್ವೀಪದ ಯಾವ ಹಳ್ಳಿಯಲ್ಲಿದ್ದರೂ ಯಂತ್ರ, ನೂಲು, ಗುಂಡಿಗಳನ್ನು ಸುಂಕವಿಲ್ಲದೆ ತರಿಸಬಹುದಿತ್ತು. ವರ್ಷಗಟ್ಟಲೆ ಲಾಭದ ತೆರಿಗೆಗೆ ವಿನಾಯಿತಿ, ಲಾಭವನ್ನು ತಾಯ್ನಾಡಿಗೆ ಒಯ್ಯಲು ಅನುಮತಿ ಎರಡೂ ಇದ್ದವು. ಕಾರ್ಖಾನೆಯೇ ಹಳ್ಳಿಗೆ ಹೋದದ್ದರಿಂದ, ಅಲ್ಲಿಯವರೆಗೆ ಮನೆಯಿಂದಾಚೆ ಸಂಬಳದ ಕೆಲಸವನ್ನೇ ಕಾಣದ ಹೆಂಗಸರು ನಡೆದುಕೊಂಡು ಹೋಗಿ ದುಡಿಯುವಂತಾಯಿತು. ಇದರ ಇನ್ನೊಂದು ಮುಖವನ್ನೂ ಮುಚ್ಚಿಡಬಾರದು. ಹೆಂಗಸರ ಕನಿಷ್ಠ ಕೂಲಿಯನ್ನು ಗಂಡಸರದ್ದಕ್ಕಿಂತ ಸಾಕಷ್ಟು ಕೆಳಗೆ ನಿಗದಿ ಮಾಡಲಾಗಿತ್ತು, ವಾರದ ಕೆಲಸದ ಮೇಲೆ ಕಡ್ಡಾಯ ಓವರ್‌ಟೈಮ್ ಹೇರಲು ಕಾಯಿದೆಯಲ್ಲೇ ಅವಕಾಶವಿತ್ತು. ಈ ಬೆಳವಣಿಗೆಯ ಭಾರ ಹೊತ್ತವರು ಆ ಹೆಣ್ಣುಮಕ್ಕಳು.

ಇನ್ನು ಉಣ್ಣೆಯ ವಿಚಾರ. ಜವಳಿ ರಫ್ತಿಗೆ ದೇಶವಾರು ಮಿತಿ ಹಾಕುತ್ತಿದ್ದ 1974ರ ಬಹುತಂತು ಒಪ್ಪಂದದ ಪ್ರಕಾರ ಹಾಂಗ್‌ಕಾಂಗ್‌ನ ಉಡುಪು ರಫ್ತಿಗೆ ಕೋಟಾ ಬಿತ್ತು. ಅತ್ತ ಯುರೋಪ್ ತನ್ನ ಹಳೆಯ ವಸಾಹತುಗಳೊಂದಿಗೆ ಮಾಡಿಕೊಂಡ 1975ರ ಲೋಮೆ ಒಪ್ಪಂದ ಮಾರಿಷಸ್‌ಗೆ ಯುರೋಪಿನ ಪೇಟೆಯನ್ನು ಸುಂಕವಿಲ್ಲದೆ ತೆರೆಯಿತು. ಹಾಂಗ್‌ಕಾಂಗ್ ಮಾಲೀಕರು ಯಂತ್ರಗಳ ಸಮೇತ ಇತ್ತ ಬಂದರು. ಆದರೆ ಯುರೋಪ್ ಒಂದು ಷರತ್ತು ಹಾಕಿತ್ತು: ಉಡುಪು ನೂಲಿನ ಹಂತದಿಂದಲೇ ದ್ವೀಪದಲ್ಲಿ ತಯಾರಾಗಬೇಕು. ಹೊರಗಿನ ಬಟ್ಟೆ ತರಿಸಿ ಹೊಲಿದ ಅಂಗಿಗೆ ಈ ರಿಯಾಯಿತಿ ಸಿಗದು. ನೇಯ್ಗೆಗೆ ದೊಡ್ಡ ಗಿರಣಿ ಬೇಕು, ಹೆಣಿಗೆಗೆ ಬೇಡ. ನೂಲಿನ ಉಂಡೆ ತರಿಸಿ ಸ್ವೆಟರ್ ಹೆಣೆದರೆ ಷರತ್ತು ತಾನಾಗಿಯೇ ಪೂರೈಕೆಯಾಗುತ್ತದೆ. ಕುರಿಯಿಲ್ಲದ ನಾಡು ಜಗತ್ತಿನ ಮುಂಚೂಣಿಯ ಉಣ್ಣೆ ಹೆಣಿಗೆ ರಫ್ತುದಾರರ ಸಾಲಿಗೆ ಸೇರಿದ್ದರ ಗುಟ್ಟು ಅರ್ಧಕ್ಕರ್ಧ ಈ ನಿಯಮದಲ್ಲಿದೆ.

ಇನ್ನರ್ಧ ಇರುವುದು ಕೈಕೆಲಸದಲ್ಲಿ. ಸ್ವೆಟರಿನ ಮುಂಭಾಗ, ಬೆನ್ನು, ತೋಳುಗಳನ್ನು ಬೇರೆಬೇರೆ ಹೆಣೆದು ಆಮೇಲೆ ಕೂಡಿಸುತ್ತಾರೆ. ಕತ್ತಿನ ಪಟ್ಟಿ ಕೂಡಿಸುವ ಲಿಂಕಿಂಗ್ ಯಂತ್ರದಲ್ಲಿ ತಟ್ಟೆಯಂಥ ಚಕ್ರದ ಸುತ್ತ ಮೊನೆಗಳಿರುತ್ತವೆ. ಹೆಣಿಗೆಯ ಒಂದೊಂದು ಕುಣಿಕೆಯನ್ನೂ ಒಂದೊಂದು ಮೊನೆಗೆ ಬೆರಳಿನಿಂದ ಏರಿಸಬೇಕು. ಒಂದೇ ಒಂದು ಕುಣಿಕೆ ತಪ್ಪಿದರೆ, ತೊಳೆಯುವಾಗ ಅಲ್ಲಿಂದ ಕೆಳಕ್ಕೆ ಏಣಿಯ ಮೆಟ್ಟಿಲಿನಂತೆ ಬಿಚ್ಚಿಕೊಳ್ಳುತ್ತಾ ಹೋಗಿ ಆ ತುಂಡು ದಂಡವಾಗುತ್ತದೆ. ಯಂತ್ರಕ್ಕೆ ಹಾಕುವ ಹಣಕ್ಕಿಂತ ನುರಿತ ಬೆರಳಿಗೆ ಬೆಲೆ ಹೆಚ್ಚಿದ್ದ ಕಸುಬು ಇದು. ಬಂಡವಾಳ ಕಡಿಮೆ, ಕೈಗಳು ಹೆಚ್ಚು ಇದ್ದ ದ್ವೀಪಕ್ಕೆ ಹೇಳಿ ಮಾಡಿಸಿದಂತಿತ್ತು. ಸ್ವೆಟರ್ ಹಗುರ, ತೂಕಕ್ಕೆ ಹೋಲಿಸಿದರೆ ಬೆಲೆ ಜಾಸ್ತಿ. ಹಾಗಾಗಿ ದೂರದ ಸಾಗಣೆ ಖರ್ಚೂ ಕಚ್ಚುತ್ತಿರಲಿಲ್ಲ.

ಮಧ್ಯದಲ್ಲಿ ಒಮ್ಮೆ ಇದೆಲ್ಲ ಕೈತಪ್ಪುವುದರಲ್ಲಿತ್ತು ಎಂಬುದು ಅನೇಕರಿಗೆ ಗೊತ್ತಿಲ್ಲ. 1974–75ರಲ್ಲಿ ಸಕ್ಕರೆ ಬೆಲೆ ಗಗನಕ್ಕೇರಿ ದ್ವೀಪದ ತುಂಬ ದುಡ್ಡು ಹರಿಯಿತು. ಸಂಬಳ ಏರಿತು, ಸರ್ಕಾರದ ಖರ್ಚು ಏರಿತು, ಆಮದು ಏರಿತು. ಸಕ್ಕರೆ ಬೆಲೆ ಬಿದ್ದಾಗ ಖರ್ಚು ಜೊತೆಗೆ ಇಳಿಯಲಿಲ್ಲ. ಏರಿದ ಕೂಲಿಯಿಂದ ಹೊಸ ಕಾರ್ಖಾನೆಗಳಿಗೂ ಏಟು ಬಿತ್ತು. 1979ರಲ್ಲಿ ಒಮ್ಮೆ, 1981ರಲ್ಲಿ ಇನ್ನೊಮ್ಮೆ ಮಾರಿಷಸ್ ರೂಪಾಯಿಯ ಅಪಮೌಲ್ಯ ಮಾಡಿ, ಅಂತರರಾಷ್ಟ್ರೀಯ ಹಣಕಾಸು ನಿಧಿಯ ಸಾಲ ಪಡೆದು, ಖರ್ಚಿಗೆ ಕಡಿವಾಣ ಹಾಕಬೇಕಾಯಿತು. ರಫ್ತು ವಲಯ ನಿಜವಾಗಿ ಚಿಗುರಿದ್ದು ಅದರ ನಂತರ, 1983ರಿಂದ ಈಚೆಗೆ. ಆ ದಶಕ ಮುಗಿಯುವ ಹೊತ್ತಿಗೆ ಅಲ್ಲಿ 80,000ಕ್ಕೂ ಹೆಚ್ಚು ಮಂದಿ ದುಡಿಯುತ್ತಿದ್ದರು. ಹಾಕಿದ ಬಂಡವಾಳದಲ್ಲಿ ಸುಮಾರು ಅರ್ಧ ದ್ವೀಪದವರದ್ದೇ, ಅದರಲ್ಲೂ ಸಕ್ಕರೆ ಎಸ್ಟೇಟುಗಳದ್ದು. ಹಳೆಯ ಬೆಳೆಯ ಲಾಭ ಹೊಸ ಕಸುಬಿಗೆ ಹರಿದದ್ದೇ ಇಲ್ಲಿ ಗಮನಿಸಬೇಕಾದ ಸಂಗತಿ. ಬಹುತಂತು ಕೋಟಾ 2005ರ ಜನವರಿ 1ಕ್ಕೆ ಕೊನೆಗೊಂಡಿತು. ಅದರ ಆಸುಪಾಸಿನಲ್ಲಿ ಹಾಂಗ್‌ಕಾಂಗ್‌ನವರು ಗಂಟುಮೂಟೆ ಕಟ್ಟಿದರು. ನೂಲುವುದು, ಬಣ್ಣ ಹಾಕುವುದನ್ನೂ ಕಲಿತು ಬೇರೂರಿದ್ದ ಸ್ಥಳೀಯ ಕಂಪನಿಗಳು ಉಳಿದುಕೊಂಡವು.

ಪ್ರಶ್ನೆ: ಅಲ್ಲಿಯ ಕಬ್ಬು ಬೆಳೆಗಾರರ ಸ್ಥಿತಿ ಹೇಗಿದೆ? ಯುರೋಪ್ ಕೊಡುತ್ತಿದ್ದ ಬೆಲೆ ನಿಂತ ಮೇಲೆ ಗಿರಣಿಗಳು ಏನು ಮಾಡಿದವು? — ಕಬ್ಬು ಬೆಳೆಗಾರರು

ಲೋಮೆ ಒಪ್ಪಂದದ ಸಕ್ಕರೆ ವಿಧಿಯಂತೆ ಯುರೋಪ್ ವರ್ಷಕ್ಕೆ ಸುಮಾರು 5 ಲಕ್ಷ ಟನ್ ಮಾರಿಷಸ್ ಸಕ್ಕರೆಯನ್ನು ಖಾತರಿ ಬೆಲೆಗೆ ಕೊಳ್ಳುತ್ತಿತ್ತು. ಬಹುತೇಕ ವರ್ಷ ಆ ಬೆಲೆ ಜಾಗತಿಕ ದರಕ್ಕಿಂತ ಎಷ್ಟೋ ಮೇಲಿತ್ತು. ಒಪ್ಪಂದಕ್ಕೆ ಕಾಲಮಿತಿ ಇಲ್ಲ ಎಂದು ಬರೆದಿತ್ತು. ಆದರೂ ಯುರೋಪ್ 2006ರಿಂದ ಹಂತಹಂತವಾಗಿ ಬೆಲೆಯನ್ನು ಶೇ. 36ರಷ್ಟು ಇಳಿಸಿ, 2009ರಲ್ಲಿ ಒಪ್ಪಂದವನ್ನೇ ಮುಗಿಸಿತು.

ಆ ಮೂರು ದಶಕಗಳ ಹೆಚ್ಚುವರಿ ಹಣ ಎಸ್ಟೇಟ್ ಮಾಲೀಕರ ತಿಜೋರಿಯಲ್ಲೇ ಉಳಿಯಲಿಲ್ಲ. ಸರ್ಕಾರ ಸಕ್ಕರೆ ರಫ್ತಿನ ಮೇಲೆ ತೆರಿಗೆ ಹಾಕಿತ್ತು. ಭಾರ ದೊಡ್ಡ ಎಸ್ಟೇಟುಗಳ ಮೇಲೆ ಬೀಳುವಂತೆ, ಸಣ್ಣ ಬೆಳೆಗಾರರಿಗೆ ತಾಗದಂತೆ ಅದರ ದರ ಇತ್ತು. ಶಾಲೆ, ಆಸ್ಪತ್ರೆ, ಅಕ್ಕಿ ಮತ್ತು ಹಿಟ್ಟಿನ ಸಬ್ಸಿಡಿ ನಡೆದದ್ದು ಇಂಥ ಆದಾಯದಿಂದ. 1977ರಿಂದ ಪ್ರೌಢಶಾಲೆಯ ಶಿಕ್ಷಣವೂ ಉಚಿತವಾಯಿತು. ಈ ತೆರಿಗೆಯನ್ನು 1994ರಲ್ಲಿ ತೆಗೆದರು.

ಬೆಲೆ ಬಿದ್ದ ಮೇಲೆ ನಡೆದದ್ದು ದೊಡ್ಡ ಶಸ್ತ್ರಚಿಕಿತ್ಸೆ. ಸ್ವಾತಂತ್ರ್ಯದ (1968) ಹೊತ್ತಿಗೆ ಇಪ್ಪತ್ತಕ್ಕೂ ಹೆಚ್ಚು ಇದ್ದ ಗಿರಣಿಗಳು ಇಂದು ಮೂರಕ್ಕೆ ಇಳಿದಿವೆ. ಕೆಲಸ ಬಿಟ್ಟವರಿಗೆ ಹಣದ ಜೊತೆಗೆ ಮನೆ ಕಟ್ಟಲು ತುಂಡು ಭೂಮಿಯನ್ನೂ ಕೊಟ್ಟರು. ಕಚ್ಚಾ ಸಕ್ಕರೆ ಕಳಿಸುವುದನ್ನು ಬಿಟ್ಟು ಬಿಳಿ ಸಕ್ಕರೆಯನ್ನು ದ್ವೀಪದಲ್ಲೇ ಶುದ್ಧೀಕರಿಸತೊಡಗಿದರು. ಕಂದು ಬಣ್ಣದ ವಿಶೇಷ ಸಕ್ಕರೆಗಳಿಗೆ ಬೇರೆಯೇ ಗಿರಾಕಿ ಹುಡುಕಿಕೊಂಡರು.

ಬಗಾಸ್, ಅಂದರೆ ಅರೆದ ಕಬ್ಬಿನ ಸಿಪ್ಪೆಯ ವಿಷಯ ನಿಮಗೆ ಹೆಚ್ಚು ಆಸಕ್ತಿಯ ಸಂಗತಿ. ಒಂದು ಟನ್ ಕಬ್ಬು ಅರೆದರೆ ಸುಮಾರು 300 ಕೆ.ಜಿ. ಸಿಪ್ಪೆ ಬರುತ್ತದೆ, ಅದರಲ್ಲಿ ಅರ್ಧ ನೀರು. ಹಳೆಯ ಗಿರಣಿಗಳು ಕಡಿಮೆ ಒತ್ತಡದ ಬಾಯ್ಲರಿನಲ್ಲಿ ಅದನ್ನು ಸುಟ್ಟು, ತಮ್ಮ ರೋಲರ್ ತಿರುಗಿಸುವಷ್ಟು ಹಬೆ ಮಾಡಿಕೊಂಡು ಕೈತೊಳೆದುಕೊಳ್ಳುತ್ತಿದ್ದವು. 2000ದಲ್ಲಿ ಬೆಲ್ ವ್ಯೂ ಎಂಬಲ್ಲಿ 82 ಬಾರ್ ಒತ್ತಡದ ಬಾಯ್ಲರುಗಳು ಬಂದವು. ಅದೇ ಸಿಪ್ಪೆಯಿಂದ ಹಲವು ಪಟ್ಟು ವಿದ್ಯುತ್ ಹುಟ್ಟಿ ಗ್ರಿಡ್‌ಗೆ ಹೋಯಿತು. ಇಲ್ಲಿ ಎರಡು ಎಚ್ಚರಿಕೆ ಬೇಕು. ಇಂಥ ಘಟಕಕ್ಕೆ ಸಿಪ್ಪೆ ಒಂದೇ ಕಡೆ ರಾಶಿ ಬೀಳಬೇಕು. ಗಿರಣಿಗಳನ್ನು ಮುಚ್ಚಿ ಒಂದುಗೂಡಿಸಿದ್ದಕ್ಕೆ ಇದೂ ಕಾರಣ. ಹತ್ತಿರದ ಗಿರಣಿ ಮುಚ್ಚಿದಾಗ ಕಬ್ಬು ದೂರ ಸಾಗಬೇಕು, ಕಡಿದ ಕಬ್ಬು ಕಾದಷ್ಟೂ ರಿಕವರಿ (ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣ) ಇಳಿಯುತ್ತದೆ. ಎರಡನೆಯದು, ಹಂಗಾಮು ಇರುವುದು ಜೂನ್–ಜುಲೈಯಿಂದ ಡಿಸೆಂಬರ್ ತನಕ. ಉಳಿದ ತಿಂಗಳು ಅದೇ ಬಾಯ್ಲರಿಗೆ ಆಮದು ಕಲ್ಲಿದ್ದಲು ಬೀಳುತ್ತದೆ. ಹಾಗಾಗಿ ಈ ಘಟಕಗಳ ವಿದ್ಯುತ್ತನ್ನೆಲ್ಲ ಹಸಿರು ಎಂದು ಕರೆಯುವುದು ನಮಗೆ ಒಪ್ಪಿಗೆಯಿಲ್ಲ.

ಸಣ್ಣ ಬೆಳೆಗಾರನಿಗೆ ತನ್ನ ಕಬ್ಬಿನಿಂದ ಬಂದ ಸಕ್ಕರೆಯಲ್ಲಿ 78 ಪಾಲು, ಗಿರಣಿಗೆ 22 ಪಾಲು ಎಂಬ ಹಂಚಿಕೆ ದೀರ್ಘಕಾಲ ನಡೆದುಬಂತು. ನ್ಯಾಯವಾದ ಹಂಚಿಕೆಯೇ. ಆದರೂ ಸಣ್ಣ ಹಿಡುವಳಿದಾರರು ಕಬ್ಬು ಬಿಡುತ್ತಿದ್ದಾರೆ. ಕಾರಣ ಕಲ್ಲು. ಜ್ವಾಲಾಮುಖಿಯ ದ್ವೀಪವಾದ್ದರಿಂದ ಹೊಲದ ತುಂಬ ಕಪ್ಪು ಬಸಾಲ್ಟ್ ಗುಂಡುಗಳು. ಹಿಂದಿನವರು ಕೈಯಿಂದ ಆರಿಸಿ ಹೊಲದ ನಡುವೆಯೇ ಗೋಪುರದಂತೆ ಪೇರಿಸಿಟ್ಟ ರಾಶಿಗಳು ಇವತ್ತಿಗೂ ನಿಂತಿವೆ. ಅಂಥ ನೆಲದಲ್ಲಿ ಕಟಾವು ಯಂತ್ರ ಓಡಿಸಿದರೆ ಬ್ಲೇಡು ಮುರಿಯುತ್ತದೆ, ಕೈಯಿಂದ ಕಡಿಯಲು ಆಳು ಸಿಗುವುದಿಲ್ಲ. ಪಕ್ಕಪಕ್ಕದ ಹಿಡುವಳಿಗಳನ್ನು ಒಂದು ತಾಕಾಗಿ ಸೇರಿಸಿ, ಕಲ್ಲು ತೆಗೆಸಿ, ಸಾಲು ನೇರಗೊಳಿಸಿಕೊಡುವ ಯೋಜನೆಯನ್ನು ಸರ್ಕಾರ ನಡೆಸಿತು. ಕಲ್ಲು ತೆಗೆದ ಕಡೆ ಯಂತ್ರ ಇಳಿಯಿತು. ತೆಗೆಯದ ಕಡೆ ಹೊಲ ಪಾಳು ಬೀಳುತ್ತಿದೆ.

ಪ್ರಶ್ನೆ: ಅಷ್ಟು ಜನಾಂಗ, ಭಾಷೆ, ಧರ್ಮಗಳಿದ್ದೂ ಅಲ್ಲಿ ನೀತಿ ಸ್ಥಿರವಾಗಿ ಉಳಿದದ್ದು ಹೇಗೆ? — ನಿವೃತ್ತ ಶಿಕ್ಷಕರು

ಯಾರನ್ನೂ ಪೂರ್ತಿ ಹೊರಗಿಡದ ಏರ್ಪಾಡು ಇದೆ. ಸಂಸತ್ತಿಗೆ 62 ಮಂದಿ ಆಯ್ಕೆಯಾದ ಮೇಲೆ, ಪ್ರಾತಿನಿಧ್ಯ ಕಡಿಮೆಯಾದ ಸಮುದಾಯಗಳಿಂದ, ಸೋತವರಲ್ಲಿ ಹೆಚ್ಚು ಮತ ಪಡೆದ ಎಂಟು ಮಂದಿಯ ತನಕ ಸೇರಿಸಿಕೊಳ್ಳಬಹುದು. ಜನರನ್ನು ಸಮುದಾಯವಾಗಿ ವಿಂಗಡಿಸುತ್ತದೆ ಎಂಬ ಟೀಕೆಯೂ ಇದಕ್ಕಿದೆ. ಸೈನ್ಯವಿಲ್ಲ, ಹಾಗಾಗಿ ಸೈನಿಕ ದಂಗೆಯ ಭಯವೂ ಇಲ್ಲ. 1982ರಲ್ಲಿ ವಿರೋಧ ಪಕ್ಷಗಳ ಮೈತ್ರಿ ಮುಖ್ಯ ದ್ವೀಪದ 60ಕ್ಕೆ 60 ಸ್ಥಾನ ಗೆದ್ದಿತು. ಎಡಪಂಥೀಯ ಘೋಷಣೆಗಳೊಂದಿಗೆ ಗೆದ್ದ ಆ ಸರ್ಕಾರವೂ ಬಿಗಿ ಬಜೆಟ್ಟಿನ ಹಾದಿಯನ್ನು ಬಿಡಲಿಲ್ಲ. ಹೂಡಿಕೆದಾರರಿಗೆ ಧೈರ್ಯ ಬಂದದ್ದು ಅಲ್ಲಿಂದ.

ಪ್ರಶ್ನೆ: ಭಾರತಕ್ಕೆ ಬರುವ ವಿದೇಶಿ ಬಂಡವಾಳದಲ್ಲಿ ವರ್ಷಗಟ್ಟಲೆ ಮಾರಿಷಸ್‌ನದ್ದೇ ಮೊದಲ ಸ್ಥಾನವಿತ್ತು. ಅಷ್ಟು ಹಣ ಅವರಿಗೆ ಎಲ್ಲಿಂದ? — ಲೆಕ್ಕ ಪರಿಶೋಧಕ ವಿದ್ಯಾರ್ಥಿನಿ

ಹಣ ಅವರದ್ದಲ್ಲ, ದಾರಿ ಅವರದ್ದು. ಭಾರತ–ಮಾರಿಷಸ್ ನಡುವಿನ 1982ರ ದ್ವಿತೆರಿಗೆ ತಪ್ಪಿಸುವ ಒಪ್ಪಂದದಂತೆ, ಮಾರಿಷಸ್ ನಿವಾಸಿ ಕಂಪನಿ ಭಾರತದ ಷೇರು ಮಾರಿ ಗಳಿಸಿದ ಲಾಭಕ್ಕೆ ತೆರಿಗೆ ಹಾಕುವ ಹಕ್ಕು ಆಗ ಮಾರಿಷಸ್‌ನದ್ದು. ಮಾರಿಷಸ್‌ನಲ್ಲಿ ಬಂಡವಾಳ ಲಾಭಕ್ಕೆ ತೆರಿಗೆಯೇ ಇಲ್ಲ. ಎರಡೂ ಕಡೆ ಸೊನ್ನೆ. ಹತ್ತು ವರ್ಷ ಈ ಒಪ್ಪಂದವನ್ನು ಹೆಚ್ಚಿನವರು ಗಮನಿಸಲೇ ಇಲ್ಲ. 1992ರಲ್ಲಿ ಭಾರತ ವಿದೇಶಿ ಸಾಂಸ್ಥಿಕ ಹೂಡಿಕೆದಾರರಿಗೆ ಷೇರುಪೇಟೆ ತೆರೆಯಿತು, ಅದೇ ವರ್ಷ ಮಾರಿಷಸ್ ಹೊರದೇಶದ ವ್ಯವಹಾರಕ್ಕೆಂದೇ ಕಾಯಿದೆ ತಂದಿತು. ಆಗ ಅಮೆರಿಕ, ಯುರೋಪಿನ ಹಣ ದ್ವೀಪದ ರಾಜಧಾನಿ ಪೋರ್ಟ್ ಲೂಯಿಸ್ ದಾಟಿ ಬರತೊಡಗಿತು.

ಸವಲತ್ತು ಬೇಕಾದ ಕಂಪನಿ ಇಬ್ಬರು ಸ್ಥಳೀಯ ನಿರ್ದೇಶಕರನ್ನು ಇಟ್ಟುಕೊಳ್ಳಬೇಕು, ಬ್ಯಾಂಕ್ ಖಾತೆ ಅಲ್ಲಿರಬೇಕು, ಲೆಕ್ಕಪತ್ರ ಅಲ್ಲೇ ಆಡಿಟ್ ಆಗಬೇಕು. ಆಮೇಲೆ ನಿವಾಸಿ ಪ್ರಮಾಣಪತ್ರ ಸಿಗುತ್ತದೆ. ಆ ಪತ್ರವಿದ್ದರೆ ಸಾಕು ಎಂದು ಭಾರತದ ತೆರಿಗೆ ಮಂಡಳಿ 2000ದಲ್ಲಿ ಸುತ್ತೋಲೆ ಹೊರಡಿಸಿತು, 2003ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ದ್ವೀಪದಲ್ಲಿ ನಿಂತದ್ದು ಹೂಡಿಕೆಯ ಹಣವಲ್ಲ, ಅದನ್ನು ಸಾಗಿಸುವ ಕೆಲಸದ ಶುಲ್ಕ. ಅಕೌಂಟೆಂಟರು, ವಕೀಲರು, ಕಂಪನಿ ಕಾರ್ಯದರ್ಶಿಗಳ ಸಂಬಳ ಹುಟ್ಟಿದ್ದು ಅದರಿಂದ. ಅಮ್ಮ ಕುಣಿಕೆ ಏರಿಸಿದ ಮನೆಯಿಂದ ಮಗಳು ಕಚೇರಿಗೆ ಹೋಗಲು ಉಚಿತ ಶಿಕ್ಷಣ ದಾರಿ ಮಾಡಿಕೊಟ್ಟಿತ್ತು.

ಆದರೆ ಅದು ಭಾರತದ ಬೊಕ್ಕಸ ಬಿಟ್ಟುಕೊಟ್ಟ ತೆರಿಗೆ. ಇನ್ನೊಂದು ದೇಶದ ನಷ್ಟದ ಮೇಲೆ ನಿಂತ ಆದಾಯ ಬಹಳ ಕಾಲ ನಿಲ್ಲಬಾರದು, ನಿಲ್ಲಲೂ ಇಲ್ಲ. 2016ರ ಮೇ 10ರಂದು ಒಪ್ಪಂದ ತಿದ್ದುಪಡಿಯಾಯಿತು. 2017ರ ಏಪ್ರಿಲ್ 1ರಿಂದ ಕೊಂಡ ಷೇರುಗಳ ಲಾಭಕ್ಕೆ ಭಾರತವೇ ತೆರಿಗೆ ಹಾಕುತ್ತದೆ. 2019ರ ಮಾರ್ಚ್ ತನಕ ಷರತ್ತಿನ ಮೇಲೆ ಅರ್ಧ ದರ, ಆನಂತರ ಪೂರ್ತಿ. ಅದಕ್ಕೂ ಮುಂಚೆ ಕೊಂಡಿದ್ದ ಷೇರುಗಳನ್ನು ಮುಟ್ಟಲಿಲ್ಲ. ಈ ನಿಧಾನದ ಹಂತಗಳೇ ದ್ವೀಪಕ್ಕೆ ಉಸಿರಾಡಲು ಸಮಯ ಕೊಟ್ಟವು. ಅದು ಆಫ್ರಿಕಾದ ಕಡೆ ಹೂಡಿಕೆ ಸಾಗಿಸುವ ಕೆಲಸವನ್ನು ಬೆಳೆಸಿಕೊಳ್ಳತೊಡಗಿತು. ಅಷ್ಟರಲ್ಲಿ, 2020ರ ಫೆಬ್ರವರಿಯಲ್ಲಿ, ಅಕ್ರಮ ಹಣ ತಡೆಯುವ ಅಂತರರಾಷ್ಟ್ರೀಯ ಕಾರ್ಯಪಡೆ ದ್ವೀಪವನ್ನು ಬೂದು ಪಟ್ಟಿಗೆ, ಅಂದರೆ ನಿಗಾ ಇಡಬೇಕಾದ ದೇಶಗಳ ಸಾಲಿಗೆ, ಸೇರಿಸಿತು. ಕಾನೂನು ಬಿಗಿ ಮಾಡಿ ಅದರಿಂದ ಹೊರಬರಲು 2021ರ ಅಕ್ಟೋಬರ್ ಬೇಕಾಯಿತು.

ಪ್ರಶ್ನೆ: ನೌರು ದ್ವೀಪವೂ 1968ರಲ್ಲೇ ಸ್ವತಂತ್ರವಾಯಿತು, ಆಗ ಅದು ಮಾರಿಷಸ್‌ಗಿಂತ ಶ್ರೀಮಂತ. ಅದೇಕೆ ದಿವಾಳಿಯಾಯಿತು? — ಬ್ಯಾಂಕ್ ಉದ್ಯೋಗಿ

21 ಚದರ ಕಿ.ಮೀ. ನೌರುವಿಗೆ ರಫ್ತು ಕಾರ್ಖಾನೆಯ ದಾರಿ ಇರಲಿಲ್ಲ, ಅಷ್ಟು ಕೈಗಳೇ ಇರಲಿಲ್ಲ. ಇದ್ದದ್ದು ಗೊಬ್ಬರಕ್ಕೆ ಬಳಸುವ ಖನಿಜವಾದ ಫಾಸ್ಫೇಟ್. ಅದು ಮುಗಿಯುತ್ತದೆ ಎಂಬುದೂ ಮೊದಲೇ ಗೊತ್ತಿತ್ತು. ಹಾಗಾಗಿ ಸರಿಯಾದ ದಾರಿ ಒಂದೇ: ಅಗೆದ ಹಣವನ್ನು ನಿಧಿಯಾಗಿಸಿ ಅದರ ಗಳಿಕೆಯಲ್ಲಿ ಬದುಕುವುದು. ನಿಧಿಯನ್ನು ಅವರೂ ಮಾಡಿದರು. ಆದರೆ ಅದರ ಲೆಕ್ಕ ಜನರ ಕಣ್ಣಿಗೆ ಬೀಳಲಿಲ್ಲ. ಹಣ ಮೆಲ್ಬರ್ನ್‌ನ 52 ಅಂತಸ್ತಿನ ಕಟ್ಟಡದಂಥ ಆಸ್ತಿಗಳಿಗೆ, ಸದಾ ನಷ್ಟದ ವಿಮಾನ ಕಂಪನಿಗೆ ಹೋಯಿತು. ನಿಧಿಯನ್ನೇ ಒತ್ತೆ ಇಟ್ಟು ಸಾಲ ತಂದರು. 2004ರಲ್ಲಿ ಆ ಕಟ್ಟಡವೂ ಮಾರಾಟವಾಯಿತು. ದ್ವೀಪದ ನಡುಭಾಗದಲ್ಲಿ ಉಳಿದದ್ದು ಚೂಪು ಸುಣ್ಣಕಲ್ಲಿನ ಕೊಂಬುಗಳು.

ಇಂದು ಕಿರಿಬಾಟಿ ಎನ್ನುವ ಪೆಸಿಫಿಕ್ ದ್ವೀಪ ದೇಶವೂ ಒಮ್ಮೆ ಫಾಸ್ಫೇಟ್ ನಾಡೇ. ಬ್ರಿಟಿಷರ ಕಾಲದಲ್ಲಿ, 1956ರಲ್ಲಿ, ಅಲ್ಲಿ ನಿಧಿ ಆರಂಭವಾಯಿತು. ಗಣಿ 1979ರಲ್ಲಿ ಮುಗಿಯಿತು, ನಿಧಿ ಇಂದಿಗೂ ಇದೆ. ವ್ಯತ್ಯಾಸ ತಿಳಿಯಲು ಸುಮ್ಮನೆ ಒಂದು ಲೆಕ್ಕ ಹಾಕಿ. ನಿಧಿ 100 ಕೋಟಿ, ಗಳಿಕೆ ಶೇ. 6, ಬೆಲೆಯೇರಿಕೆ ಶೇ. 3, ಜನಸಂಖ್ಯೆಯ ಏರಿಕೆ ಶೇ. 1.5 ಎಂದಿಟ್ಟುಕೊಳ್ಳಿ. ತಲಾ ಮೌಲ್ಯ ಕರಗದಂತೆ ತೆಗೆಯಬಹುದಾದದ್ದು ವರ್ಷಕ್ಕೆ ಒಂದೂವರೆ ಕೋಟಿ ಮಾತ್ರ. ಅಸಲು ಮುಟ್ಟಲಿಲ್ಲವಲ್ಲ ಎಂದು ಆರು ಕೋಟಿಯನ್ನೂ ಖರ್ಚು ಮಾಡಿದರೆ ಸುಮಾರು 15 ವರ್ಷದಲ್ಲಿ ತಲಾ ಮೌಲ್ಯ ಅರ್ಧವಾಗುತ್ತದೆ. ಕಾಗದದ ಮೇಲೆ ಮಾತ್ರ 100 ಕೋಟಿ ಹಾಗೇ ಇರುತ್ತದೆ.

ಪ್ರಶ್ನೆ: ಪ್ರಾಜೆಕ್ಟ್‌ಗಾಗಿ ಒಂದು ದ್ವೀಪದ ಆರ್ಥಿಕತೆ ಆರಿಸಿಕೊಂಡಿದ್ದೇನೆ. ಯಾವ ಅಂಕಿಗಳನ್ನು ಮೊದಲು ನೋಡಬೇಕು? — ಎಂ.ಎ. ವಿದ್ಯಾರ್ಥಿ

ಬೆಳವಣಿಗೆ ದರದ ಸರಾಸರಿಯಿಂದ ಶುರುಮಾಡಬೇಡಿ. ಕಳೆದ 40 ವರ್ಷದಲ್ಲಿ ಅತಿ ಕೆಟ್ಟ ವರ್ಷ ಯಾವುದು, ಅದರಿಂದ ಮೇಲೇಳಲು ಎಷ್ಟು ಕಾಲ ಹಿಡಿಯಿತು ಎಂದು ನೋಡಿ. ಮಾರಿಷಸ್‌ನದ್ದೇ ನೋಡಿ. 2019ರಲ್ಲಿ ಸುಮಾರು 14 ಲಕ್ಷ ಪ್ರವಾಸಿಗರು ಬಂದಿದ್ದರು. 2020ರ ಮಾರ್ಚಿನಲ್ಲಿ ಗಡಿ ಮುಚ್ಚಿತು, ಆ ವರ್ಷ ಒಟ್ಟು ಉತ್ಪನ್ನ ಹೆಚ್ಚುಕಡಿಮೆ ಶೇ. 15ರಷ್ಟು ಕುಸಿಯಿತು. ಅದೇ ಜುಲೈನಲ್ಲಿ ವಿಶ್ವಬ್ಯಾಂಕ್ ಹಿಂದಿನ ವರ್ಷದ ಅಂಕಿ ಆಧರಿಸಿ ಅದನ್ನು ಹೆಚ್ಚು ಆದಾಯದ ದೇಶ ಎಂದು ವರ್ಗೀಕರಿಸಿತು, ಮರುವರ್ಷ ಆ ಪಟ್ಟ ಹೋಯಿತು.

ಆಮೇಲೆ ಕೇಂದ್ರ ಬ್ಯಾಂಕಿನ ವಿದೇಶಿ ವಿನಿಮಯ ಎಷ್ಟು ತಿಂಗಳ ಆಮದಿಗೆ ಸಾಕು ಎಂದು ಲೆಕ್ಕ ಹಾಕಿ. ಆಮದಿನಲ್ಲಿ ಇಂಧನ, ಆಹಾರದ ಪಾಲು ಬೇರೆ ಬರೆದುಕೊಳ್ಳಿ, ಇವೆರಡನ್ನು ಕಷ್ಟಕಾಲದಲ್ಲೂ ಕಡಿತ ಮಾಡಲಾಗದು. ವಿದೇಶಿ ಕಂಪನಿಗಳು ತುಂಬಿದ ದ್ವೀಪದಲ್ಲಿ ಒಟ್ಟು ದೇಶೀಯ ಉತ್ಪನ್ನವನ್ನೂ (ಆ ನೆಲದಲ್ಲಿ ಹುಟ್ಟಿದ್ದೆಲ್ಲ) ಒಟ್ಟು ರಾಷ್ಟ್ರೀಯ ಆದಾಯವನ್ನೂ (ಅಲ್ಲಿಯವರ ಪಾಲಿಗೆ ಬಂದದ್ದು) ಅಕ್ಕಪಕ್ಕ ಇಟ್ಟು ನೋಡಬೇಕು. ಮೊದಲ ಅಂಕಿ ನೋಡಿ ಹಿಗ್ಗಿ ಎರಡನೆಯದನ್ನು ಮರೆತರೆ ಪ್ರಾಜೆಕ್ಟ್ ದಾರಿ ತಪ್ಪುತ್ತದೆ. ಕೊನೆಗೆ ಒಂದು ಹಾಳೆಯಲ್ಲಿ ಎಡಕ್ಕೆ ಮುಖ್ಯ ಆದಾಯಗಳನ್ನು, ಬಲಕ್ಕೆ ಒಂದೊಂದೂ ಯಾವ ಒಪ್ಪಂದ ಅಥವಾ ರಿಯಾಯಿತಿಯ ಮೇಲೆ ನಿಂತಿದೆ, ಅದನ್ನು ರದ್ದು ಮಾಡುವ ಅಧಿಕಾರ ಯಾರಿಗಿದೆ ಎಂಬುದನ್ನು ಬರೆಯಿರಿ. ಮಾರಿಷಸ್‌ಗೆ ಈ ಪಟ್ಟಿ ಮಾಡಿದರೆ 2005, 2009, 2017 ಎಂಬ ಮೂರು ವರ್ಷಗಳು ಬಲಬದಿಯಲ್ಲಿ ಕಾಣುತ್ತವೆ. ಮೂರೂ ಸಲ ಮುಂದಿನ ಆದಾಯ ಆ ವರ್ಷಕ್ಕಿಂತ ಮೊದಲೇ ಶುರುವಾಗಿತ್ತೇ ಎಂದು ಹುಡುಕಿ.

ಜನಸಂಖ್ಯೆಯ ಪುಟವನ್ನು ಮಾತ್ರ ಬಿಡಬೇಡಿ. ಮೀಡ್ ಹೆದರಿದ್ದ ದ್ವೀಪದಲ್ಲಿ ಈಗ ಹೆರಿಗೆ ದರ ತಾಯಿಗೆ ಎರಡು ಮಕ್ಕಳಿಗಿಂತ ಎಷ್ಟೋ ಕೆಳಗಿದೆ. ಕಾರ್ಖಾನೆಗಳಿಗೆ ಬಾಂಗ್ಲಾದೇಶ, ಮಡಗಾಸ್ಕರ್, ಭಾರತದಿಂದ ಕೆಲಸಗಾರರು ಬರುತ್ತಿದ್ದಾರೆ. 60 ತುಂಬಿದವರಿಗೆಲ್ಲ ಸಿಗುತ್ತಿದ್ದ ಪಿಂಚಣಿಯ ವಯಸ್ಸನ್ನು ಹಂತಹಂತವಾಗಿ 65ಕ್ಕೆ ಏರಿಸುವುದಾಗಿ 2025ರ ಬಜೆಟ್ ಹೇಳಿದೆ. ಅಲ್ಲಿನ ಬೀದಿಗಳಲ್ಲಿ ಈಗ ಚರ್ಚೆಯಾಗುತ್ತಿರುವುದು ಸಕ್ಕರೆಯ ಬೆಲೆಯಲ್ಲ, ಇದು.